ನೋಡಿ ಬರಬೇಕಾಗಿದ್ದ ನಾಯಿ

ಒಂದು ನಾಯಿಯನ್ನು ದಿನಾ ಹೋಗಿ ನೋಡಿ ಬಾ ಎಂದು ನನಗೆ ಹೇಳಿದ್ದರು. ಅದು ತಿನ್ನುತ್ತಿದೆಯೇ, ನೀರು ಕುಡಿಯುತ್ತಿದೆಯೇ, ನೆಟ್ಟಗೆ ನಡೆಯುತ್ತಿದೆಯೇ, ಇಷ್ಟನ್ನು ನೋಡಿ ಬಂದು ಅವ್ವನಿಗೆ ಹೇಳಬೇಕಿತ್ತು. ನಾನು ನೋಡಲಿಲ್ಲ. ನೋಡಲಿಲ್ಲ ಎಂಬುದನ್ನೂ ಹೇಳಲಿಲ್ಲ.

ಆಗ ನನಗೆ ಹನ್ನೊಂದು ವರ್ಷ. ಈಗ ಮೊಮ್ಮಗಳಿದ್ದಾಳೆ. ಇಷ್ಟು ವರ್ಷ ಇದನ್ನು ಮರೆತಿದ್ದೆ ಎಂದು ನಾನು ಹೇಳಿದರೆ ನೀವು ನಂಬಬೇಡಿ. ಅಟ್ಟದ ಮೇಲೆ ಇಟ್ಟ ಡಬ್ಬಿಯ ಹಾಗೆ ಅದು ಇತ್ತು. ಇದೆ ಎಂದು ಗೊತ್ತು, ಆದರೆ ಏಣಿ ಹಾಕುವವರು ಯಾರು?

ಏಣಿ ಹಾಕಿದವನು ನನ್ನ ತಮ್ಮ ಬಸವರಾಜನೇ. ಅವನಿರುವುದು ಮೆಲ್ಬರ್ನ್‌ನ ಟ್ರುಗನಿನಾದಲ್ಲಿ. ನಾನು ಸಿಡ್ನಿಯಲ್ಲಿ, ಸ್ಕೋಫೀಲ್ಡ್ಸ್‌ನ ಮಗಳ ಮನೆಯಲ್ಲಿ. ಮಗಳು ವಿದ್ಯಾ ಬೆಳಿಗ್ಗೆ ಚಾಟ್ಸ್‌ವುಡ್‌ನ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ನಾನು ಮತ್ತು ಮೊಮ್ಮಗಳು. ರವಿವಾರ ಮಾತ್ರ ಮನೆ ತುಂಬಿರುತ್ತದೆ, ಅವತ್ತೇ ತಮ್ಮನ ಫೋನೂ ಬರುತ್ತದೆ. ಊಟ ಆಯ್ತಾ, ಏನು ಪಲ್ಯ, ಅಲ್ಲಿ ಚಳಿ ಎಷ್ಟು, ಇಷ್ಟರಲ್ಲಿ ಮಾತು ಮುಗಿಯುತ್ತದೆ. ಆ ರವಿವಾರ ಮುಗಿಯಲಿಲ್ಲ.

“ಅಕ್ಕಾ, ಆ ನಾಯಿಗೆ ಆಮ್ಯಾಲೆ ಏನಾತು?” ಎಂದ.

“ಯಾವ ನಾಯಿ?” ಎಂದೆ. ಯಾವ ನಾಯಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

“ನನಗ ಕಡದಿತ್ತಲ್ಲ, ಭಜಿ ಅಂಗಡಿ ನಾಯಿ. ಸೈಕಾಲಜಿಸ್ಟ್ ಕೇಳ್ಯಾಳ. ಮನಿಯವ್ರನ್ನ ಕೇಳ್ಕೊಂಡು ಬಾ ಅಂತ ಹೋಂವರ್ಕ್ ಕೊಟ್ಟಾಳ. ಈ ವಯಸ್ಸಿನ್ಯಾಗ ನನಗ ಹೋಂವರ್ಕ್ ನೋಡು!”

“ಯಾರಿಗ್ಗೊತ್ತಪಾ. ಅವ್ವ ಇದ್ದಿದ್ರ ಹೇಳ್ತಿದ್ಲು.”

ಹೋದ ಅವ್ವನ ಮೇಲೆ ಹಾಕಿ ನಾನು ಪಾರಾದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯ ಕಟ್ಟೆ ಒರೆಸಿದೆ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ವಿದ್ಯಾ ನೋಡಿ, “ಅಮ್ಮಾ, ಸ್ಟೋನ್ ಸವೆದು ಹೋಗತ್ತೆ, ಬಿಡು” ಎಂದಳು. ಬೆಂಗಳೂರಿನಲ್ಲಿ ಓದಿದ ಹುಡುಗಿ, ಅವಳ ಮಾತು ಹಾಗೆ.

ಅವನು ಸೈಕಾಲಜಿಸ್ಟ್ ಹತ್ತಿರ ಹೋದದ್ದು ಯಾಕೆಂದು ಹೇಳಬೇಕು. ಬಸವರಾಜನಿಗೆ ಸಕ್ಕರೆ ಕಾಯಿಲೆ ಬಂದಿದೆ. ಡಾಕ್ಟರು ಗುಳಿಗೆ ಕೊಟ್ಟು, ದಿನಾ ನಡೆಯಬೇಕು ಎಂದರು. ನಡೆಯುವುದು ಏನು ದೊಡ್ಡ ಕೆಲಸ ಎನ್ನಬಹುದು ನೀವು. ಟ್ರುಗನಿನಾದಲ್ಲಿ ಒಳ್ಳೆಯ ಕಾಲುದಾರಿಗಳಿವೆ, ಹುಲ್ಲಿನ ಮೈದಾನಗಳಿವೆ. ಅಲ್ಲೆಲ್ಲ ನಾಯಿಗಳೂ ಇವೆ. ನನ್ನ ತಮ್ಮ ನಾಯಿ ಕಂಡರೆ ನಿಂತಲ್ಲೇ ಕಂಬವಾಗುವವನು. ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ಮನೆಯೆತ್ತರಕ್ಕೆ ಸಾಮಾನು ಎತ್ತಿ ಇಡುತ್ತಾನೆ, ಕೈ ನಡುಗುವುದಿಲ್ಲ. ಒಂದು ಮೊಣಕಾಲೆತ್ತರದ ಬಿಳಿ ನಾಯಿ, ಅದೂ ಸ್ವೆಟರ್ ಹಾಕಿಕೊಂಡದ್ದು, ಎದುರು ಬಂದರೆ ರಸ್ತೆ ದಾಟುತ್ತಾನೆ. ಆ ಕಡೆಯಿಂದ ಇನ್ನೊಂದು ಬಂದರೆ ಮನೆಗೆ ಹಿಂತಿರುಗುತ್ತಾನೆ.

ಹೀಗಾಗಿ ಅವನು ನಡೆಯುವುದು ಗ್ಯಾರೇಜಿನಲ್ಲಿ. ಕಾರನ್ನು ಹೊರಗೆ ನಿಲ್ಲಿಸಿ, ಬಾಗಿಲು ಇಳಿಸಿಕೊಂಡು, ಒಳಗೆ ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತಾನೆ. ಒಮ್ಮೆ ನಾನು ಫೋನ್ ಮಾಡಿದಾಗ ಅವನ ಹೆಂಡತಿ ಸುಮಾ ಎತ್ತಿದಳು.

“ವಾಕಿಂಗ್ ಹೋಗ್ಯಾರ್ರಿ ಅಕ್ಕಾರ.”

“ಅಯ್ಯ, ಚಲೋ ಆತು. ಎಲ್ಲಿ ತನಕ ಹೋಗ್ತಾನ?”

“ವಾಷಿಂಗ್ ಮಷೀನಿನ ತನಕ.”

ನಾವಿಬ್ಬರೂ ನಕ್ಕೆವು. ಆದರೆ ಮುಂದೆ ನಗುವ ಹಾಗೆ ಉಳಿಯಲಿಲ್ಲ. ಮತ್ತೆ ರಕ್ತ ತೆಗೆದು ನೋಡಿದಾಗ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು, ಹೀಗೇ ಆದರೆ ಇನ್ಸುಲಿನ್ ಶುರು ಮಾಡಬೇಕಾಗುತ್ತದೆ, ಹೊಟ್ಟೆಗೆ ನೀವೇ ಚುಚ್ಚಿಕೊಳ್ಳಬಹುದು, ಬಹಳ ಸುಲಭ ಎಂದರಂತೆ. ಹೊಟ್ಟೆ ಎಂಬ ಮಾತು ಬಂದದ್ದೇ ತಡ, ಇವನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಕುರ್ಚಿಯಲ್ಲಿ ಮುದುಡಿ, ಬೆವತು ನೀರಾಗಿಬಿಟ್ಟನಂತೆ. ಡಾಕ್ಟರು ಗಾಬರಿಯಾಗಿ, ಏನಿದು ಎಂದು ಕೇಳಿ, ನಾಯಿಯ ಕತೆಯನ್ನು ಅಷ್ಟಿಷ್ಟು ಕೇಳಿಸಿಕೊಂಡು ಸೈಕಾಲಜಿಸ್ಟ್ ಹತ್ತಿರ ಕಳಿಸಿದರು.

“ಹೊರಗ ನಾಯಿ, ಒಳಗ ಸೂಜಿ. ನಡುವ ಇವ್ರು” ಎಂದಳು ಸುಮಾ. ಆಮೇಲೆ ದನಿ ಇಳಿಸಿ, “ನೀವು ಒಂದು ಸಲ ಬಂದು ಹೊರಗ ಕರ್ಕೊಂಡು ಹೋಗ್ರಿ ಅಕ್ಕಾರ. ನಿಮ್ಮ ಮಾತಂದ್ರ ಅವ್ರಿಗೆ ದೇವ್ರ ಮಾತು” ಎಂದಳು.

ದೇವರ ಮಾತು! ಬರುತ್ತೇನೆ ಎಂದು ಫೋನ್ ಇಟ್ಟೆ.

ಈ ದೇಶದ ನಾಯಿಗಳ ವಿಷಯ ಒಂದಿಷ್ಟು ಹೇಳುತ್ತೇನೆ. ಮುಖ್ಯ ಮಾತಿಗೆ ಬರಲು ನನಗೆ ಧೈರ್ಯ ಸಾಲದು ಎಂದು ನೀವು ತಿಳಿದುಕೊಂಡರೆ ಅದೂ ಸರಿಯೇ. ಇಲ್ಲಿ ನಾಯಿಗಳಿಗೆ ಮನುಷ್ಯರ ಹೆಸರು. ನಾನು ಬಂದ ಹೊಸದರಲ್ಲಿ ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ, ಚಾರ್ಲಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದು ಕಣ್ಣೀರು ಹಾಕಿದಳು. ನನಗೆ ಗೊತ್ತಿದ್ದ ನಾಲ್ಕು ಇಂಗ್ಲಿಷ್ ಮಾತು ಜೋಡಿಸಿ, ಪಾಪ, ಕೆಲಸಕ್ಕೆ ರಜೆ ಕೊಟ್ಟಿದ್ದಾರಾ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಚಾರ್ಲಿಯೇ ಕುಂಟುತ್ತಾ ಬಂದು ಬೇಲಿಗೆ ಮೂಗು ಹಚ್ಚಿತು.

ಬೆಳಿಗ್ಗೆ ಮೊಮ್ಮಗಳನ್ನು ಪ್ರಾಮ್‌ನಲ್ಲಿ ಕೂರಿಸಿಕೊಂಡು ಹೊರಟರೆ ಹೊಸ ಲೇಔಟಿನ ಮನೆಮನೆಯಿಂದಲೂ ನಾಯಿಗಳು ತಮ್ಮ ಯಜಮಾನರನ್ನು ಎಳೆದುಕೊಂಡು ಬರುತ್ತವೆ. ಎಲ್ಲರೂ ಹೇಳುವುದು ಒಂದೇ ಮಾತು: “ಡೋಂಟ್ ವರಿ, ಹೀ ಈಸ್ ಫ್ರೆಂಡ್ಲಿ!” ನಮ್ಮ ನಾಯಿ ಕೆಟ್ಟದ್ದು ಎಂದವರನ್ನು ನಾನಿನ್ನೂ ಕಂಡಿಲ್ಲ. ನಾನು ನಗುತ್ತೇನೆ, ಮುಂದೆ ಹೋಗುತ್ತೇನೆ. ನೋಡಿದವರಿಗೆ ನಾನು ಧೈರ್ಯಸ್ಥೆ. ವಿದ್ಯಾ ಕೂಡ, “ಮಾಮಾ ಅಷ್ಟು ಹೆದರ್ತಾರೆ, ನೀನು ನೋಡು ಎಷ್ಟು ಕೂಲ್” ಎನ್ನುತ್ತಾಳೆ. ಅವಳು ನೋಡದೆ ಇರುವುದು ಪ್ರಾಮ್‌ ಹಿಡಿದ ನನ್ನ ಕೈಯನ್ನು. ನಾಯಿ ಎಡಕ್ಕಿದ್ದರೆ ಪ್ರಾಮ್‌ ಎಡಕ್ಕೆ, ಬಲಕ್ಕಿದ್ದರೆ ಬಲಕ್ಕೆ. ಮೊಮ್ಮಗಳನ್ನು ನಾಯಿಯಿಂದ ಕಾಯುವ ಅಜ್ಜಿ ನಾನಲ್ಲ. ನಾಯಿ ಮತ್ತು ನನ್ನ ನಡುವೆ ಮೊಮ್ಮಗಳನ್ನು ಇಟ್ಟುಕೊಂಡು ನಡೆಯುವವಳು.

ಹೌದು, ನನಗೂ ನಾಯಿಯ ಭಯ. ಅವನದು ಊರಿಗೆಲ್ಲ ಗೊತ್ತು, ನನ್ನದು ನನಗೆ ಮಾತ್ರ ಗೊತ್ತು. ಆದರೆ ಎರಡೂ ಒಂದೇ ಜಾತಿಯವಲ್ಲ. ನನಗೆ ಹಲ್ಲಿನ ಭಯವಿಲ್ಲ. ನಾಯಿ ತಲೆ ಎತ್ತಿ ನನ್ನ ಮುಖ ನೋಡುತ್ತದಲ್ಲ, ಅದನ್ನು ತಡೆಯಲಾರೆ.

ನಮ್ಮ ಓಣಿ ಹುಬ್ಬಳ್ಳಿಯ ಹಳೆಯ ಭಾಗದಲ್ಲಿತ್ತು. ಎರಡು ಸೈಕಲ್ ಎದುರಾದರೆ ಒಬ್ಬರು ಇಳಿಯಲೇಬೇಕಾದ ಓಣಿ. ಅಪ್ಪ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇದ್ದದ್ದು ಕಡಿಮೆ. ಅವ್ವ ಒಂದು ಮನೆಗೆ ಹಪ್ಪಳ ಲಟ್ಟಿಸಲು ಹೋಗುತ್ತಿದ್ದಳು. ಓಣಿಯ ತುದಿಯಲ್ಲಿ ಮಿರ್ಚಿ ಭಜಿ ಅಂಗಡಿ, ಅದರ ಮುಂದೆ ಒಂದು ಕಂದು ನಾಯಿ. ಅದಕ್ಕೆ ಹೆಸರಿರಲಿಲ್ಲ. ಒಂದು ಕಿವಿ ಹರಿದಿತ್ತು. ಭಜಿಯ ಖಾರಕ್ಕೋ ಏನೋ, ಮೂಗಿನಲ್ಲಿ ಸದಾ ನೀರು.

ನನ್ನ ತಮ್ಮ ಬಸುವಿಗೆ ಆಗ ಆರು ವರ್ಷ. ಒಂದು ಸಂಜೆ ಅವನ ಕೈಯಿಂದ ಭಜಿ ಬಿತ್ತು. ನಾಯಿ ಅದನ್ನು ತನ್ನದೆಂದು ತಿಳಿಯಿತು, ಇವನು ಇನ್ನೂ ತನ್ನದೇ ಎಂದು ತಿಳಿದ. ಭಜಿಯನ್ನು ಕಿತ್ತುಕೊಳ್ಳಲು ಹೋದವನ ಮೊಣಕಾಲ ಕೆಳಗೆ ಅದು ಕಚ್ಚಿತು. ನಾನು ಅಲ್ಲೇ ಇದ್ದೆ. ಅದರ ಬಾಯಿ ಅವನ ಕಾಲಿನ ಮೇಲೆ ಮುಚ್ಚಿಕೊಂಡದ್ದನ್ನು ನೋಡಿದೆ. ಎಳೆದು ಬಿಡಿಸಿದವನು ಅಂಗಡಿಯವನು. ನಾನು ಕಿರುಚಿದ್ದಷ್ಟೇ.

ದವಾಖಾನೆಯ ಡಾಕ್ಟರು ಗಾಯ ತೊಳೆಸಿ, ಅವ್ವನನ್ನು ಕೇಳಿದರು, “ನಾಯಿ ಯಾರ್ದು?”

“ಓಣೀದ್ರಿ ಸಾಹೇಬ್ರ.”

“ದಿನಾ ಕಾಣಸ್ತೈತೇನು?”

“ಕಾಣಸ್ತೈತ್ರಿ.”

“ಹಂಗಾರ ಹತ್ತು ದಿವಸ ಅದರ ಮ್ಯಾಲೆ ಕಣ್ಣಿಡ್ರಿ. ಚಲೋ ಇದ್ರ ಹುಡುಗಗ ಸೂಜಿ ಬ್ಯಾಡ. ಸತ್ರ, ಇಲ್ಲಾ ಕಾಣದಂಗಾದ್ರ, ಅವತ್ತ ಕರ್ಕೊಂಡು ಬರ್ರಿ. ಹೊಟ್ಟಿಗೆ ಹದಿನಾಲ್ಕು ಸೂಜಿ ಮಾಡಬೇಕಾಗ್ತೈತಿ.”

ಆಗಿನ ಕಾಲದವರಿಗೆ ಇದು ಗೊತ್ತಿರುತ್ತದೆ. ನಾಯಿ ಕಚ್ಚಿದರೆ ಕಚ್ಚಿಸಿಕೊಂಡವರನ್ನು ನೋಡಿಕೊಳ್ಳುವುದಕ್ಕಿಂತ ನಾಯಿಯನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ. ಅದು ಆರಾಮಾಗಿದ್ದರೆ ಅದಕ್ಕೆ ಹುಚ್ಚು ಹಿಡಿದಿಲ್ಲ ಎಂದು ಅರ್ಥ. ಕಚ್ಚಿದ ನಾಯಿಗೆ ಹಾಲು ಹಾಕಿ, ದೃಷ್ಟಿ ತೆಗೆದು, ಬದುಕಲಿ ಎಂದು ಹರಕೆ ಹೊತ್ತವರೂ ಇದ್ದರು. ಅವ್ವನಿಗೆ ಹಪ್ಪಳದ ಕೆಲಸ ಬಿಡುವಂತಿರಲಿಲ್ಲ. ಕೆಲಸ ನನ್ನ ಪಾಲಿಗೆ ಬಂತು.

“ಗಿರಿಜಾ, ಈ ರೊಟ್ಟಿ ಅದರ ಮುಂದ ಹಾಕು. ತಿಂತೈತೇನು ನೋಡ್ಕೊಂಡು ಬಾ. ಬರೇ ಒಗದು ಬರಬ್ಯಾಡ, ತಿನ್ನೂತನಕ ನಿಲ್ಲು.”

ಮೊದಲ ಕೆಲವು ದಿನ ಸರಿಯಾಗಿಯೇ ಮಾಡಿದೆ. ಅಂಗಡಿಯ ಮುಂದೆ ಜನ ಇರುತ್ತಿದ್ದರು, ಅವರ ಬೆನ್ನ ಹಿಂದೆ ನಿಂತು ರೊಟ್ಟಿ ಒಗೆಯುತ್ತಿದ್ದೆ. ನಾಯಿ ತಿನ್ನುತ್ತಿತ್ತು. ನಡುವೆ ಅಂಗಡಿಯವನು ತಂಗಿಯ ಮದುವೆಗೆಂದು ಅಂಗಡಿ ಮುಚ್ಚಿ ಊರಿಗೆ ಹೋದ. ಮುಂದೆ ಜನ ಇಲ್ಲ, ಭಜಿ ಇಲ್ಲ, ನಾಯಿಯೂ ಇಲ್ಲ. ಅದು ಎಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ಅಂಗಡಿಯ ಹಿಂದೆ ಕಟ್ಟಿಗೆ ಒಟ್ಟಿದ ಹಿತ್ತಲು. ಅಲ್ಲಿಗೆ ಹೋಗಲು ಎರಡು ಗೋಡೆಗಳ ನಡುವೆ ಒಂದು ಸಂದಿ, ಒಬ್ಬರು ಮೈ ಓರೆ ಮಾಡಿ ಹೋಗುವಷ್ಟು. ನಾನು ಸಂದಿಯ ಬಾಯಿಯಲ್ಲಿ ನಿಂತೆ. ನಾಯಿಯ ಬಾಯಿ ತಮ್ಮನ ಕಾಲಿನ ಮೇಲೆ ಮುಚ್ಚಿಕೊಂಡದ್ದು ಕಣ್ಣ ಮುಂದೆ ಬಂತು. ಒಳಗೆ ಏನೋ ಸರಸರ ಎಂದಿತು. ಓಡಿ ಬಂದೆ. ಬರುವಾಗ ದಾರಿಯಲ್ಲಿ ಆ ರೊಟ್ಟಿಯನ್ನು ನಾನೇ ತಿಂದೆ.

“ತಿಂತೇನು?” ಎಂದಳು ಅವ್ವ.

“ತಿಂತವ್ವ.”

ಮರುದಿನವೂ ಅದೇ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾಯಿ ನಿಜವಾಗಿಯೂ ಒಳಗೆ ಸತ್ತು ಬಿದ್ದಿದ್ದರೆ? ಬಸು ಸಾಯುತ್ತಾನೆ, ನನ್ನ ಸುಳ್ಳಿನಿಂದ. ಬೆಳಿಗ್ಗೆ ಹೊಸ ಸುಳ್ಳು ಹುಡುಕಿದೆ. “ಅವ್ವಾ, ನಾಯಿ ಕಾಣವಲ್ದು” ಎಂದೆ. ಮಾತಿನ ಮಟ್ಟಿಗೆ ಅದು ಸುಳ್ಳೂ ಅಲ್ಲ, ನೋಡದವಳಿಗೆ ಕಾಣುವುದು ಹೇಗೆ? ಅವ್ವನ ಮುಖ ಬಿಳಿಚಿತು. “ಹಿಂದಿನ ಹಿತ್ತಲಾಗ ನೋಡಿದಿ?” ಎಂದು ಕೇಳಿದಳು.

“ನೋಡಿದೆ.”

ಆ ಒಂದು ಮಾತು ನನ್ನದು. ಮಿಕ್ಕದ್ದಕ್ಕೆಲ್ಲ ಹೆದರಿಕೆ ಎಂದು ನೆವ ಹೇಳಬಹುದು. ಈ ಮಾತಿಗೆ ನೆವ ಹುಡುಕಿ ಹುಡುಕಿ ಸೋತಿದ್ದೇನೆ.

ಅವತ್ತಿನಿಂದಲೇ ಸೂಜಿ ಶುರುವಾಯಿತು. ಕರೆದುಕೊಂಡು ಹೋಗುವವಳು ನಾನೇ. ಆಮೇಲಿನ ದಿನಗಳಲ್ಲಿ ನಾನು ಒಮ್ಮೆಯೂ ತಪ್ಪಿಸಲಿಲ್ಲ, ಶಾಲೆ ಬಿಟ್ಟು ಹೋದೆ. ಅಂಗಿ ಎತ್ತಿ ಹೊಕ್ಕಳ ಸುತ್ತ ಚುಚ್ಚುತ್ತಿದ್ದರು. ಬಸು ಮಲಗಿದಲ್ಲಿಂದಲೇ ಕೈ ಚಾಚಿ ನನ್ನ ಹೆರಳು ಹಿಡಿಯುತ್ತಿದ್ದ. ಸೂಜಿ ಒಳಗೆ ಹೋದಾಗ ಹೆರಳನ್ನು ಎಷ್ಟು ಜಗ್ಗುತ್ತಿದ್ದನೆಂದರೆ ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು. ಜಗ್ಗಲಿ, ಇನ್ನೂ ಜಗ್ಗಲಿ ಎನ್ನಿಸುತ್ತಿತ್ತು. ನರ್ಸಮ್ಮ ನನ್ನ ಗಲ್ಲ ಹಿಡಿದು, “ಇಂಥಾ ಅಕ್ಕ ಎಲ್ಲಾರಿಗೂ ಸಿಗಬೇಕ ನೋಡು” ಎನ್ನುತ್ತಿದ್ದಳು.

ಸೂಜಿಗಿಂತ ಹೆಚ್ಚು ಅವನನ್ನು ಹಿಂಡಿದ್ದು ಓಣಿಯ ಮಾತು. ಹುಚ್ಚು ನಾಯಿ ಕಚ್ಚಿದವರು ನಾಯಿಯ ಹಾಗೆ ಬೊಗಳುತ್ತಾರೆ, ನೀರು ಕಂಡರೆ ಓಡುತ್ತಾರೆ, ತಮ್ಮವರನ್ನೇ ಕಚ್ಚುತ್ತಾರೆ ಎಂದು ಹೆಂಗಸರು ಅವನೆದುರಿಗೇ ಆಡಿಕೊಂಡರು. ಆರು ವರ್ಷದ ಹುಡುಗ ತನಗೆ ತಾನೇ ಹೆದರತೊಡಗಿದ. ಬೆಳಿಗ್ಗೆ ಎದ್ದ ಕೂಡಲೇ ತಂಬಿಗೆ ತುಂಬ ನೀರು ತಂದು ಅವ್ವನ ಮುಂದೆ ನಿಂತು ಗಟಗಟ ಕುಡಿಯುತ್ತಿದ್ದ. ಗದ್ದದಿಂದ ನೀರು ಸುರಿಯುತ್ತಿತ್ತು. “ನೋಡವ್ವಾ, ಕುಡದೆ” ಎನ್ನುತ್ತಿದ್ದ. ಅವ್ವ ಅತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಒಮ್ಮೆ ಕೆಮ್ಮು ಬಂದು ಅವನ ಗಂಟಲು ಒಡೆದಿತ್ತು. ಆ ದನಿ ಕೇಳಿ ತಾನು ಬೊಗಳಿದೆ ಎಂದು ಚೀರಿ, ಅಟ್ಟದ ಏಣಿ ಹತ್ತಿ ಕುಳಿತ. ನನ್ನ ಹತ್ತಿರ ಬರಬ್ಯಾಡ ಅಕ್ಕಾ, ನಿನಗ ಕಡೀತೀನಿ ಎಂದ.

ಈಗ ಅನ್ನಿಸುತ್ತದೆ, ಅವನು ಎಂದೂ ನಾಯಿಗೆ ಹೆದರಿದವನೇ ಅಲ್ಲ. ತಾನು ನಾಯಿಯಾಗಿಬಿಡುತ್ತೇನೆ ಎಂದು ಹೆದರಿದವನು. ನಾನು ಓದಿದ್ದು ಏಳನೆಯ ಇಯತ್ತೆ. ಇದನ್ನು ಸೈಕಾಲಜಿಸ್ಟ್ ಏನೆಂದು ಕರೆಯುತ್ತಾಳೋ ಗೊತ್ತಿಲ್ಲ. ಆ ಏಣಿಯ ಮೇಲಿನ ಮುಖ ಕಂಡವಳು ನಾನು, ಅಷ್ಟೇ.

ಇನ್ನು ಹೇಳಲು ಕಷ್ಟವಾಗುವ ಮಾತು. ಒಂದು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಹೊರಗೆ ಬಂದೆ. ಓಣಿಯಲ್ಲಿ ನಾಯಿ ಬರುತ್ತಿತ್ತು. ಹರಿದ ಕಿವಿ, ಕಂದು ಮೈ, ಅದೇ. ಹಸಿದು ಬಡಕಲಾಗಿತ್ತು, ಮತ್ತೇನೂ ಆಗಿರಲಿಲ್ಲ. ನನ್ನ ಬಿಂದಿಗೆಯಿಂದ ಚೆಲ್ಲಿದ ನೀರನ್ನು ನೆಕ್ಕಿ ನೆಕ್ಕಿ ಕುಡಿಯಿತು. ರೊಟ್ಟಿ ಹಾಕಿದ ಗುರುತಿನಿಂದಲೋ ಏನೋ, ತಲೆ ಎತ್ತಿ ನನ್ನನ್ನು ನೋಡಿ ಬಾಲ ಆಡಿಸಿತು.

ಒಳಗೆ ಅವ್ವ ಒಲೆ ಹೊತ್ತಿಸುತ್ತಿದ್ದಳು. “ಅವ್ವಾ, ನಾಯಿ ಬಂದೈತಿ” ಎಂದಿದ್ದರೆ ಸಾಕಿತ್ತು. ಬಸುವಿನ ಉಳಿದ ಸೂಜಿಗಳು ನಿಂತುಹೋಗುತ್ತಿದ್ದವು. ಆದರೆ ಹಿತ್ತಿಲಲ್ಲಿ ನೋಡಿದೆ ಎಂದಿದ್ದೆಯಲ್ಲ ಎಂದು ಅವ್ವ ಕೇಳುತ್ತಿದ್ದಳು. ನಾನು ಕಲ್ಲು ಆರಿಸಿಕೊಂಡೆ. ಹತ್ತಿರ ಹೋಗಲು ಕಾಲು ಬಾರದಿದ್ದ ಹುಡುಗಿ ನಾನು, ಅಂದು ಅದರ ಬೆನ್ನು ಹತ್ತಿ ದೊಡ್ಡ ರಸ್ತೆಯವರೆಗೂ ಹೋದೆ. ಒಂದು ಕಲ್ಲು ಅದರ ಪಕ್ಕೆಗೆ ಬಡಿಯಿತು. ಅದು ಕುಂಯ್ ಎಂದು ತಿರುಗಿ ನೋಡಿತು. ಮತ್ತೆ ಎಸೆದೆ. ಅದು ತಿರುಗಿ ಬರಲಿಲ್ಲ. ಊರಿನಿಂದ ಬಂದ ಅಂಗಡಿಯವನು ನಾಯಿ ಎಲ್ಲಿ ಎಂದು ಕೇಳಿದಾಗ, ಹುಚ್ಚು ಹಿಡಿದು ಸತ್ತಿತು ಎಂದು ಓಣಿಯೇ ಹೇಳಿತು. ಬಸು ಕೂಡ ಹಾಗೆಯೇ ನಂಬಿ ಬೆಳೆದ. ಹದಿನಾಲ್ಕೂ ಆದವು.

ಸುಮಾ ಕರೆದ ಮೇಲೆ ನಾನು ಮೆಲ್ಬರ್ನ್‌ಗೆ ಹೋದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ಬಸು ರೊಟ್ಟಿ ಮುರಿಯುತ್ತಾ, “ನಮ್ಮಕ್ಕನ ಕೈ ರೊಟ್ಟಿಗೆ ಶುಗರ್ ಏರೂದಿಲ್ಲ ನೋಡು” ಎಂದು ಸುಮಾಳನ್ನು ರೇಗಿಸಿದ.

“ನಿಮ್ಮಕ್ಕನ ಮುಂದಾದ್ರೂ ಗ್ಯಾರೇಜ್ ಬಿಟ್ಟು ಹೊರಗ ಹೋಗ್ರಿ” ಎಂದಳು ಅವಳು.

“ಹೋಗ್ತೀನಿ. ಅಕ್ಕ ಇದ್ರ ಹುಲಿ ಮುಂದನೂ ಹೋಗ್ತೀನಿ.”

ಮರುದಿನ ಬಿಸಿಲು ಬಂದ ಮೇಲೆ ಹೊರಟೆವು. ಕಾಲುದಾರಿ ಒಂದು ಕೆರೆಯ ಸುತ್ತ ಹೋಗುತ್ತದೆ. ಪ್ರತಿ ತಿರುವಿನಲ್ಲೂ ಅವನು ನಿಂತು ಮುಂದೆ ನೋಡಿ ಆಮೇಲೆ ಹೆಜ್ಜೆ ಇಡುತ್ತಿದ್ದ. ನಾನು ಪ್ರಾಮ್ ಇಲ್ಲದೆ ಬರಿಗೈಯಲ್ಲಿ ನಡೆಯುತ್ತಿದ್ದೆ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಹಗ್ಗ ಹಾಕಿದ ಸಣ್ಣ ನಾಯಿಗಳು ಒಂದೆರಡು ಹೋದವು. ಅವನು ಹುಲ್ಲಿನ ಮೇಲೆ ಸರಿದು, ಬಾಯಲ್ಲಿ ಏನೋ ಎಣಿಸಿಕೊಂಡು, ದಾರಿಗೆ ಮರಳಿದ.

ಆಗ ಮೈದಾನದ ಕಡೆಯಿಂದ ಒಂದು ದೊಡ್ಡ ಕಂದು ನಾಯಿ ಹಗ್ಗವಿಲ್ಲದೆ ಓಡಿ ಬಂತು. ದೂರದಲ್ಲಿ ಅದರ ಯಜಮಾನ ಹಗ್ಗ ಬೀಸುತ್ತಾ, ಫ್ರೆಂಡ್ಲಿ, ಫ್ರೆಂಡ್ಲಿ ಎಂದು ಕೂಗುತ್ತಿದ್ದ. ನಾಯಿ ನೇರವಾಗಿ ನನ್ನತ್ತ ಬಂತು. ನನ್ನ ಮುಖವನ್ನೇ ನೋಡುತ್ತಾ ಬಂತು. ನಾನು ಅಲುಗಲಿಲ್ಲ. ಧೈರ್ಯದಿಂದಲ್ಲ, ಮೈಯಲ್ಲಿ ಜೀವ ಇರಲಿಲ್ಲ. ಬಾಯಿಂದ ಒಂದು ಸಣ್ಣ ದನಿ ಮಾತ್ರ ಬಂತು.

“ಅಕ್ಕಾ, ನನ್ನ ಹಿಂದ ಬಾ” ಎಂದು ಬಸು ನನ್ನ ಮುಂದೆ ಬಂದು ನಿಂತ.

ಅವನ ಬೆನ್ನು ನಡುಗುವುದು ನನಗೆ ಕಾಣುತ್ತಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎರಡೂ ಕೈ ಹೊಟ್ಟೆಯ ಮೇಲೆ. ಆದರೂ ಅವನು ಸರಿಯಲಿಲ್ಲ. ನಾಯಿ ಅವನ ಬೂಟು ಮೂಸಿತು, ಮೊಣಕಾಲು ಮೂಸಿತು, ಬೇಸರವಾಗಿ ಹೊರಟುಹೋಯಿತು. ಯಜಮಾನ, ಸಾರಿ ಮೇಟ್ ಎಂದು ಕೈ ಎತ್ತಿ ನಡೆದ.

ಹತ್ತಿರದ ಬೆಂಚಿನ ಮೇಲೆ ಕುಳಿತೆವು. ಬಸು ಅಳುತ್ತಿದ್ದಾನೋ ನಗುತ್ತಿದ್ದಾನೋ ಎಂದು ನೋಡಿದೆ. ನಗುತ್ತಿದ್ದ.

“ಅಕ್ಕಾ, ನೀನೂ ಹೆದರ್ತೀ ಅಂತ ನನಗ ಗೊತ್ತ ಇರ್ಲಿಲ್ಲ! ಇಷ್ಟ ವರ್ಷ ಮಂದಿ ಬರೇ ನನ್ನನ್ನ ನಗಸ್ಯಾಡಿದ್ರು.”

“ನೀ ಹೆಂಗ ನಿಂತ್ಯೋ?”

“ನಿನ್ನ ನೆನಸ್ಕೊಂಡು. ಖರೇನ ಹೇಳ್ತೀನಿ. ಆ ಸೈಕಾಲಜಿಸ್ಟ್ ಕೇಳಿದ್ಲು, ಸಣ್ಣಾಂವ ಇದ್ದಾಗ ಯಾರ ಹತ್ರ ಇದ್ರ ನಿನಗ ಹೆದರಿಕಿ ಆಗ್ತಿರ್ಲಿಲ್ಲ ಅಂತ. ನಮ್ಮಕ್ಕ ಅಂದೆ. ದವಾಖಾನ್ಯಾಗ ಆಕಿ ಹೆರಳು ಹಿಡ್ಕೊಂಡಿರ್ತಿದ್ದೆ ಅಂದೆ. ನಾಯಿ ಬಂದಾಗ ಆ ಅಕ್ಕನ್ನ ನೆನಸ್ಕೋ ಅಂತ ಹೇಳ್ಯಾಳ.” ಕೆರೆಯ ಕಡೆ ಮುಖ ಮಾಡಿದ. “ಹುಚ್ಚ ನಾಯಿ ಕಡದ ಮ್ಯಾಲೂ ನಾ ಉಳದೀನಿ ಅಂದ್ರ ನಿನ್ನಿಂದ. ನೀ ನಾಯಿ ಕಾಣವಲ್ದು ಅಂತ ಅವ್ವಗ ಹೇಳ್ಲಿಲ್ಲಂದಿದ್ರ ಏನಾಗ್ತಿತ್ತು?”

ನಾನು ನಿಜ ಹೇಳದೆ ಇದ್ದರೆ ಅವನಿಗೆ ಹೆರಳು ಹಿಡಿಯುವ ಅಕ್ಕ ಉಳಿಯುತ್ತಾಳೆ. ಅವಳನ್ನು ಹಿಡಿದುಕೊಂಡೇ ಅವನು ಈ ದಾರಿಯಲ್ಲಿ ನಡೆಯಬಹುದು. ಹೇಳಿದರೆ ಅವಳು ಹೋಗುತ್ತಾಳೆ. ಆದರೆ ಅವನೊಳಗಿನ ಹುಚ್ಚು ನಾಯಿಯೂ ಹೋಗುತ್ತದೆ, ಎಂದೂ ಇರದಿದ್ದ ನಾಯಿ. ಯಾವುದು ಅವನಿಗೆ ಒಳ್ಳೆಯದು ಎಂದು ಯೋಚಿಸುತ್ತಿದ್ದೇನೆ ಎಂದುಕೊಂಡೆ. ನಿಜವಾಗಿ ನಾನು ಯೋಚಿಸುತ್ತಿದ್ದದ್ದು ಯಾವುದು ನನಗೆ ಒಳ್ಳೆಯದು ಎಂದು.

ನಮ್ಮ ಮನೆಗಳಲ್ಲಿ ದೊಡ್ಡವರು ಸಣ್ಣವರ ಮುಂದೆ ತಪ್ಪಾಯಿತು ಎನ್ನುವ ರೂಢಿಯಿಲ್ಲ. ಹೊಡೆದ ಅವ್ವ ಸಂಜೆ ಬಿಸಿ ರೊಟ್ಟಿಯ ಮೇಲೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಾಳೆ, ಅದನ್ನು ತಿಂದರೆ ಲೆಕ್ಕ ಮುಗಿಯಿತು. ಇಷ್ಟು ವರ್ಷ ನಾನೂ ಅವನಿಗೆ ತುಪ್ಪವನ್ನೇ ಹಾಕುತ್ತಾ ಬಂದಿದ್ದೇನೆ. ಅವನಿಗೆ ಸಕ್ಕರೆ ಕಾಯಿಲೆ ಬಂದದ್ದರಲ್ಲಿ ನನ್ನ ಪಾಲೂ ಇರಬಹುದು.

“ಬಸು, ಆ ನಾಯಿಗೆ ಹುಚ್ಚ ಹಿಡದಿರ್ಲಿಲ್ಲ” ಎಂದೆ.

ಅವನು ತಿರುಗಿದ.

“ಅದು ಸತ್ತಿರ್ಲಿಲ್ಲ. ಚಲೋನ ಇತ್ತು. ನೀರು ಕುಡಿಯೂದನ್ನ ನಾ ಕಣ್ಣಾರೆ ನೋಡೀನಿ.” ಆಮೇಲೆ ಎಲ್ಲವನ್ನೂ ಹೇಳಿದೆ. ಸಂದಿಯ ಬಾಯಿಯಲ್ಲಿ ನಿಂತದ್ದು, ರೊಟ್ಟಿ ತಿಂದದ್ದು, ಹಿತ್ತಿಲಲ್ಲಿ ನೋಡಿದೆ ಎಂದದ್ದು, ಕಲ್ಲು. ಹೇಳುವಾಗ ಅವನ ಮುಖ ನೋಡುವ ಧೈರ್ಯವಾಗಲಿಲ್ಲ, ಅವನ ಬೂಟು ನೋಡಿಕೊಂಡೇ ಹೇಳಿದೆ.

ಬಸು ಕೇಳಿದ್ದು ಒಂದೇ.

“ನಾಯಿ ಬಂದಾಗ ನನಗ ಎಷ್ಟು ಸೂಜಿ ಆಗಿದ್ವು?”

“ಅರ್ಧನೂ ಆಗಿರ್ಲಿಲ್ಲ.”

ಅವನ ಕೈ ಹೊಟ್ಟೆಯ ಮೇಲೆ ಹೋಯಿತು. ನನಗೆ ಇನ್ನು ತಲೆ ತಗ್ಗಿಸಿ ಕೂರಲು ಆಗಲಿಲ್ಲ. ಅವನ ಕಡೆ ತಿರುಗಿ ಕುಳಿತು, ಮುಖ ನೋಡಿ ಹೇಳಿದೆ:

“ಹೆದರಿ ಸುಳ್ಳ ಹೇಳಿದ್ದು ಸಣ್ಣ ಹುಡುಗಿ ಬುದ್ಧಿ ಅನ್ನಬಹುದು. ನಾಯಿ ಬಂದಿದ್ದ ಕಂಡೂ ಬಾಯಿ ಮುಚ್ಚಿಕೊಂಡು ನಿನ್ನ ಮತ್ತ ದವಾಖಾನಿಗೆ ಕರ್ಕೊಂಡು ಹೋದ್ನಲ್ಲ, ಅದಕ್ಕ ನನ್ನ ಹತ್ರ ಮಾತಿಲ್ಲ. ಹೋದ ತಿಂಗಳ ನೀ ಫೋನ್‌ನ್ಯಾಗ ಕೇಳಿದಾಗನೂ ಹೇಳ್ಲಿಲ್ಲ. ನಿಂದೇನೂ ತಪ್ಪಿಲ್ಲ, ನಾಯೀದೂ ತಪ್ಪಿಲ್ಲ. ತಪ್ಪು ನಂದು, ತಮ್ಮಾ. ನನ್ನ ಕ್ಷಮಿಸು.”